ಮದಕರಿಪುರ ಬಾಯಿ ಮುಚ್ಚಿಕೊಂಡ ಬೆಳಿಗ್ಗೆ

ಹತ್ತು ಕಿಲೋಮೀಟರನ್ನು ಒಂದು ಗಂಟೆಯೊಳಗೆ ಓಡಿ ಮುಗಿಸುವವರೆಗೆ ನನ್ನನ್ನು ಏನೂ ಕೇಳಬೇಡಿ ಎಂದು ಪ್ರಸನ್ನಕುಮಾರನಿಗೆ ನಾನೇ ಹೇಳಿದ್ದೆ. ಅವನು ಏನು ಕೇಳಲಿದ್ದಾನೆ ಎಂಬುದು ನನಗೆ ಗೊತ್ತಿತ್ತು. ಚಿತ್ರದುರ್ಗದ ಸ್ಟೇಡಿಯಮ್ಮಿಗೆ ಬೆಳಿಗ್ಗೆ ವಾಕಿಂಗ್ ಬರುವ ರಿಟೈರ್ಡ್ ಮೇಷ್ಟ್ರುಗಳಿಗೂ ಗೊತ್ತಿತ್ತು. ಕಟ್ಟಿದ ಶೂ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟುತ್ತಾ ಕೂರುವ ಗಂಡಸು ಬಿಸಿಲಿನ ಬಗ್ಗೆ ಮಾತಾಡಲು ಕಾಯುತ್ತಿರುವುದಿಲ್ಲ.

ನನ್ನ ಹೆಸರು ದೇವಿಕಾ. ಹೊಳಲ್ಕೆರೆ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತೇನೆ. ಅವನು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡುವವನು. ಅಷ್ಟೆತ್ತರಕ್ಕೆ ಹೆದರದವನು ನನ್ನೆದುರು ನಿಂತರೆ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾನೆ. ಅದು ನನಗೆ ಇಷ್ಟ. ಸುಳ್ಳೇಕೆ ಹೇಳಲಿ, ಅವನೇ ಇಷ್ಟ.

ಆದರೂ ಷರತ್ತು ಷರತ್ತೇ. ಮದುವೆಯಾದ ನನ್ನ ಗೆಳತಿಯರೆಲ್ಲ, ಮೊದಲು ನಾನೂ ಹಾಡುತ್ತಿದ್ದೆ, ಮೊದಲು ನಾನೂ ಶಟಲ್ ಆಡುತ್ತಿದ್ದೆ ಎನ್ನುವವರೇ. ಆ 'ಮೊದಲು' ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಒಂದು ಕೆಲಸವನ್ನಾದರೂ ಪೂರ್ತಿ ನನ್ನದಾಗಿ ಮುಗಿಸಿಯೇ ಇನ್ನೊಂದು ಮನೆಯ ಹೊಸಿಲು ತುಳಿಯಬೇಕು ಎಂದು ಹಟ ಹಿಡಿದಿದ್ದೆ. ಆ ಒಂದು ಗಂಟೆಯಾದರೋ ಪ್ರತಿ ಸಲ ಸ್ವಲ್ಪದರಲ್ಲೇ ಕೈ ತಪ್ಪಿ ಹೋಗುತ್ತಿತ್ತು.

ಹೋದ ವರ್ಷದ ಓಟಕ್ಕೆ ಅವನೇ ಪೇಸರ್ ಆದ. ಪೇಸರ್ ಎಂದರೆ ಬೆನ್ನಿಗೆ ಬಾವುಟ ಕಟ್ಟಿಕೊಂಡು, ಒಂದು ಗಂಟೆಗೆ ಸರಿಯಾಗಿ ಗುರಿ ಮುಟ್ಟುವ ವೇಗದಲ್ಲಿ ಓಡುವವನು. ಬಾವುಟದ ಹಿಂದೆಯೇ ಓಡಿ, ಕೊನೆಯಲ್ಲಿ ಅದನ್ನು ದಾಟಿಬಿಟ್ಟರೆ ನಮ್ಮ ಕೆಲಸ ಆದಂತೆ. ಸ್ಟೇಡಿಯಮ್ಮಿನಿಂದ ಹೊರಟು ಮದಕರಿಪುರದಲ್ಲಿ ತಿರುಗಿ ವಾಪಸ್ ಬರುವ ದಾರಿ. ಮದಕರಿಪುರ ಅವನ ಊರು. ಅದರಿಂದ ಏನಾಗಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ತಿರುವಿನಲ್ಲಿ ಅವನ ತಾತ ದೊಡ್ಡತಿಮ್ಮಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. ಏನಪ್ಪ ಪ್ರಸನ್ನ, ಯಾರು ಅಟ್ಟಿಸ್ಕಂಡು ಬರ್ತಾವ್ರೆ ಎಂದು ಕೇಳಿದರು. ಹಿರಿಯರು ಮಾತಾಡಿಸಿದಾಗ ನಿಂತು ಉತ್ತರ ಕೊಡದೆ ಹೋದರೆ ಆ ಊರಲ್ಲಿ ಅದಕ್ಕೆ ಒಂದೇ ಅರ್ಥ, ಎರಡು ಮನೆಯವರು ಮಾತು ಬಿಟ್ಟಿದ್ದಾರೆ ಎಂದು. ಪ್ರಸನ್ನ ನಿಂತ. ಬಾವುಟವೂ ನಿಂತಿತು. ಹಿಂದಿದ್ದವರೆಲ್ಲ ಪಕ್ಕದಿಂದ ಹಾದು ಹೋದರು, ನಾನು ಮಾತ್ರ ನಿಂತೆ.

ಹುಡುಗ ನಿಂತನೆಂದು ಹುಡುಗಿಯೂ ನಿಂತರೆ ನೋಡುವವರು ಏನೆಂದುಕೊಳ್ಳಬೇಕು? ಅವನ ತಾಯಿ ಏಕಾಂತಮ್ಮ ನನ್ನ ಕೈಗೆ ಮಜ್ಜಿಗೆ ಲೋಟ ಕೊಟ್ಟು, ಕುಂತ್ಕಳ್ರಿ ಎಂದು ಪಕ್ಕದಲ್ಲಿ ಜಾಗ ಮಾಡಿದರು. ಯಾವೂರು ಎಂದರು. ಹಿರಿಯೂರಿನ ಹತ್ತಿರ ಯಲ್ಲದಕೆರೆ ಎಂದೆ. ಯಲ್ಲದಕೆರೆಯಲ್ಲಿ ಯಾರ ಪೈಕಿ ಎಂದು ಶುರುಮಾಡಿ, ನನ್ನ ಸೋದರತ್ತೆಯನ್ನು ಪತ್ತೆ ಹಚ್ಚಿಯೇ ಬಿಟ್ಟರು. ನಾನು ಎದ್ದು ಪ್ರಾಣ ಬಿಟ್ಟುಕೊಂಡು ಓಡಿದೆ. ಕೊನೆಗೆ ತಡವಾಗಿದ್ದು ಆ ಮಜ್ಜಿಗೆ ಕುಡಿದಷ್ಟು ಹೊತ್ತು ಮಾತ್ರ.

"ಬಾವುಟ ಕಟ್ಕಂಡೋರು ದಾರ್ಯಾಗೆ ನಿಂತ್ಕಂತಾರೇನ್ರಿ?" ಎಂದು ಅವನ ಮೇಲೆ ಹರಿಹಾಯ್ದೆ.

"ತಾತ ಮಾತಾಡಿಸ್ತಲ್ರಿ" ಎಂದ. ಅದಕ್ಕಿಂತ ದೊಡ್ಡ ಕಾರಣ ಲೋಕದಲ್ಲಿ ಇರಲು ಸಾಧ್ಯವಿಲ್ಲ ಎಂಬಂತಿತ್ತು ಮುಖ.

ಎಷ್ಟೋ ದಿನ ಅವನ ಜೊತೆ ಮಾತಾಡಲಿಲ್ಲ. ಸಿಟ್ಟು ಅವನ ಮೇಲಷ್ಟೇ ಅಲ್ಲ. ಅವನ ತಾತ ಕರೆದರು, ಅವನು ನಿಂತ, ಸರಿ. ನನ್ನನ್ನು ಯಾರು ಕರೆದಿದ್ದರು? ಬಾವುಟ ನಿಂತರೆ ದಾಟಿಕೊಂಡು ಹೋಗಬೇಕೆಂಬುದು ನನಗೆ ಗೊತ್ತಿಲ್ಲದ ವಿಷಯವೇ? ಅವನಿಲ್ಲದೆ ಮುಂದೆ ಹೋಗಲು ನನ್ನ ಕಾಲೇ ಒಪ್ಪಿರಲಿಲ್ಲ. ಇದನ್ನು ಅವನಿಗೆ ಹೇಳುವ ಹಾಗೂ ಇಲ್ಲ, ಷರತ್ತು ಹಾಕಿದವಳೇ ನಾನು.

ಈ ವರ್ಷವೂ ಅದೇ ದಾರಿ. ಆದರೆ ಓಟಕ್ಕೆ ಒಂದು ವಾರವಿದ್ದಾಗ ಅವನು, ಈ ಸಲ ನಾನು ಓಡಲ್ಲ, ಊರಾಗೆ ಸ್ವಲ್ಪ ಕೆಲ್ಸ ಐತೆ ಎಂದ. ಎಂಥ ಕೆಲಸ ಎಂದರೆ ಬಾಯಿ ಬಿಡಲಿಲ್ಲ. ವರ್ಷಗಟ್ಟಲೆ ಕಾಯಿಸಿದರೆ ಯಾರಿಗಾದರೂ ಬೇಸರ ಬರುತ್ತದೆ. ಮನೆಯವರು ಎಲ್ಲೋ ಹೆಣ್ಣು ನೋಡಿರಬೇಕು ಎಂದುಕೊಂಡೆ. ಆ ಹೆಣ್ಣನ್ನು ಮನಸ್ಸಿನಲ್ಲೇ ಕಪ್ಪಗೆ, ಕುಳ್ಳಗೆ ಮಾಡಿದೆ. ಆಮೇಲೆ ನನ್ನ ಬಗ್ಗೆಯೇ ನಾಚಿಕೆಯಾಯಿತು.

ಹಾಗಾಗಿ ಓಟ ಶುರುಮಾಡಿದ್ದೇ ಸಿಟ್ಟಿನಿಂದ. ಸಿಟ್ಟು ಸ್ವಲ್ಪ ದೂರ ಒಳ್ಳೆಯ ಜೊತೆ. ಮದಕರಿಪುರ ಹತ್ತಿರವಾದಾಗ ರಸ್ತೆಯ ಎರಡೂ ಬದಿಗೆ ಜನ ನಿಂತಿದ್ದು ಕಂಡಿತು. ಇನ್ನು ಯಾವೂರು, ಯಾರ ಪೈಕಿ, ಮಜ್ಜಿಗೆ ಎಲ್ಲ ಮತ್ತೆ ಶುರು ಎಂದು ಹಲ್ಲು ಕಚ್ಚಿಕೊಂಡೆ.

ಒಬ್ಬರೂ ಮಾತಾಡಲಿಲ್ಲ.

ಏಕಾಂತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಪಕ್ಕದ ಮನೆಯ ಉಚ್ಚಂಗಮ್ಮ ಎಂಬಾಕೆ, ಹಾದು ಹೋಗುವ ಬಸ್ಸನ್ನೂ ಬಿಡದೆ ಮಾತಾಡಿಸುವವರು ಎಂದು ಆಮೇಲೆ ತಿಳಿಯಿತು, ಅವರೂ ತುಟಿ ಬಿಗಿಹಿಡಿದು ನಿಂತಿದ್ದರು. ದೊಡ್ಡತಿಮ್ಮಪ್ಪನವರು ಬಾಯಿಗೆ ಟವೆಲ್ ಅಡ್ಡ ಹಿಡಿದಿದ್ದರು, ಕಣ್ಣು ಮಾತ್ರ ನನ್ನ ಜೊತೆ ಓಡುತ್ತಿತ್ತು. ತಿರುವಿನಲ್ಲಿ ಪ್ರಸನ್ನ ನಿಂತಿದ್ದ. ಟ್ರಾಫಿಕ್ ಪೊಲೀಸರ ಹಾಗೆ ಕೈ ಎತ್ತಿದ್ದ, ನನ್ನ ಕಡೆಗಲ್ಲ, ಊರಿನವರ ಕಡೆಗೆ.

ಊರಿನ ಕೆಲಸ ಎಂದರೆ ಇದು. ಹಿಂದಿನ ದಿನ ಮನೆ ಮನೆಗೆ ಹೋಗಿ, ಆ ಹುಡುಗಿ ಹಾದು ಹೋಗುವಾಗ ದಯವಿಟ್ಟು ಯಾರೂ ಮಾತಾಡಿಸಬೇಡಿ ಎಂದು ಕೈ ಮುಗಿದು ಬಂದಿದ್ದನಂತೆ. ತಾತನನ್ನು ಒಪ್ಪಿಸುವುದಕ್ಕೇ ಅರ್ಧ ದಿನ ಹಿಡಿಯಿತಂತೆ.

ಅವನು ನನ್ನತ್ತ ನೋಡಲಿಲ್ಲ. ನೋಡಿದರೆ ನಾನು ನಿಂತೇನು ಎಂಬ ಭಯವಿತ್ತೇನೋ. ನಾನು ತಿರುವು ದಾಟುವಾಗ ಮಾತ್ರ ಒಂದು ಕ್ಷಣ ಕಣ್ಣೆತ್ತಿ, ತಕ್ಷಣ ರಸ್ತೆ ನೋಡಿದ. ಓಡುವಾಗ ಅತ್ತರೆ ಉಸಿರು ಕೆಡುತ್ತದೆ. ಅಳಲಿಲ್ಲ. ನಿಲ್ಲಲೂ ಇಲ್ಲ.

ಸ್ಟೇಡಿಯಮ್ಮಿನ ಗಡಿಯಾರ ಗಂಟೆ ತೋರಿಸುವ ಮೊದಲೇ ಗೆರೆ ದಾಟಿದ್ದೆ. ಎಷ್ಟು ಮೊದಲು ಎಂದು ಕೇಳಬೇಡಿ, ಒಳಗೆ ಎಂದರೆ ಒಳಗೆ. ಯಾರೋ ಕೊರಳಿಗೆ ಮೆಡಲ್ ಹಾಕಿದರು, ಯಾರೋ ಬಾಳೆಹಣ್ಣು ಕೊಟ್ಟರು. ಯಾರಿಗೆ ಹೇಳಿಕೊಳ್ಳಬೇಕಿತ್ತೋ ಅವನು ಮಾತ್ರ ಅಲ್ಲಿರಲಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಮಾತೂ ಅದಾಗಿರಲಿಲ್ಲ. ಬೆವರು ಒರೆಸಿಕೊಳ್ಳದೆ ಮದಕರಿಪುರಕ್ಕೆ ಆಟೋ ಹತ್ತಿದೆ.

ಆಟೋದಿಂದ ಇಳಿದಾಗ ಕಟ್ಟೆಯ ಹತ್ತಿರ ಜೋರು ಮಾತು ನಡೆದಿತ್ತು. ನನ್ನನ್ನು ಕಂಡದ್ದೇ ತಡ, ಎಲ್ಲರೂ ಗಪ್‌ಚಿಪ್. ಏಕಾಂತಮ್ಮ ಮತ್ತೆ ಸೆರಗು ಒತ್ತಿಕೊಂಡರು. ಇನ್ನು ಮಾತಾಡಿಸಬಹುದು ಎಂದು ಪಾಪ ಅವರಿಗೆ ಯಾರೂ ಹೇಳಿರಲಿಲ್ಲ.

ಪ್ರಸನ್ನ ಎದ್ದು ಬಂದ. ಏನಾಯಿತೆಂದು ಕೇಳುವ ಧೈರ್ಯವಿಲ್ಲದೆ ನನ್ನ ಮುಖವನ್ನೇ ನೋಡಿದ. ನಾನೇ ಹೇಳಿದೆ.

"ಗಂಟೆ ಒಳಗೇ ಮುಗೀತು. ಈಗ ಕೇಳ್ರಿ."

ಅವನು ಹಿಂದೆ ತಿರುಗಿ ಊರನ್ನು ನೋಡಿದ. ಇಲ್ಲೇನಾ ಎಂದು ಕಣ್ಣಲ್ಲೇ ಕೇಳಿದ. ಇಲ್ಲೇ ಎಂದೆ.

"ಮುಂದಿನ ವರ್ಷ ಇದಕ್ಕಿಂತ ಜೋರಾಗಿ ಓಡ್ಬೇಕು ನೀವು" ಎಂದ ನಿಧಾನವಾಗಿ. "ಅದರ ಮುಂದಿನ ವರ್ಷನೂ ಓಡ್ಬೇಕು. ವರ್ಷ ವರ್ಷ ಈ ಜನಾನ ಸುಮ್ನಿರ್ಸೋ ಕೆಲ್ಸ ನಂಗೆ ಕೊಡ್ತೀರಾ, ದೇವಿಕಾ?"

ನನ್ನನ್ನು ಬಲ್ಲವನು ಹೀಗೆ ಕೇಳುತ್ತಾನೆ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಅಷ್ಟು ಜನರೆದುರು, ಮೆಡಲ್ ಹಾಕಿಕೊಂಡು, ಮೂಗು ಒರೆಸಿಕೊಳ್ಳುತ್ತಾ ನಿಂತೆ.

"ಕೊಟ್ಟೆ ಕಣ್ರಿ" ಎಂದೆ. "ಈಗ ಮಾತ್ರ ಅವ್ರಿಗೆ ಮಾತಾಡಾಕೆ ಬಿಡ್ರಿ."

ಅವನು ತಾತನತ್ತ ತಿರುಗಿ ತಲೆಯಾಡಿಸಿದ. ಆಮೇಲೆ ಸಂಜೆಯವರೆಗೆ ಮದಕರಿಪುರದಲ್ಲಿ ಒಬ್ಬರೂ ಸುಮ್ಮನಾಗಲಿಲ್ಲ, ನನ್ನನ್ನು ಕಟ್ಟೆಯಿಂದ ಏಳಲೂ ಬಿಡಲಿಲ್ಲ.