ತಂತಿಗೆ ಚುಚ್ಚಿದ ಚೀಟಿ

"ನೋಡ್ರಿ ಸರ್! ಇವರ ಪಾಟಿ ಮ್ಯಾಲ ಇನ್ನೂ ಹಳೇ ಅಂಕಿನ ಐತಿ! ಲಕ್ಷ್ಯ ಎಲ್ಲೈತೋ ಏನೋ!"

ಹಾಜಿರಾ ಇಡೀ ತರಗತಿಗೆ ಕೇಳುವಂತೆ ಹೇಳಿಬಿಟ್ಟಳು. ಅಬ್ದುಲಗನಿ ತಲೆ ತಗ್ಗಿಸಿದ. ಸ್ಲೇಟಿನ ಮೇಲಿನ ಅಂಕಿ ಒರೆಸಿದ.

ಅದು 1986. ಗದಗಿನ ಆ ಕಾಲೇಜಿಗೆ ಇನ್ನೂ ಕಂಪ್ಯೂಟರ್ ಬಂದಿರಲಿಲ್ಲ. ಅದಕ್ಕೇ ಅಂದಾನಪ್ಪ ಸರ್ ವಿದ್ಯಾರ್ಥಿಗಳನ್ನೇ ಕಂಪ್ಯೂಟರ್ ಮಾಡಿ ಕೂರಿಸಿದ್ದರು! ಒಬ್ಬ ದೊಡ್ಡ ಮೆಮೊರಿ. ಗನಿ ಅದರ ಅಂಕಿಗಳ ನಕಲು ಇಟ್ಟುಕೊಳ್ಳುವ ಪುಟ್ಟ ಮೆಮೊರಿ, ಅಂದರೆ ಕ್ಯಾಶ್. ಅಂಕಿ ಬದಲಾದಾಗಲೆಲ್ಲ ಒಂದು ಚೀಟಿ. ಅದನ್ನು ಗನಿಗೆ ಮುಟ್ಟಿಸುವವಳು ಹಾಜಿರಾ. ಇದನ್ನೇ ಶನಿವಾರ ಹುಬ್ಬಳ್ಳಿಯ ಕಂಪ್ಯೂಟರಿನಲ್ಲಿ ನಡೆಸಿ ನೋಡಲು ಇಬ್ಬರೂ ಹೋಗಬೇಕಿತ್ತು.

ಸರ್ ಹೋಗುವವರ ಪಟ್ಟಿಯಿಂದ ಗನಿಯ ಹೆಸರು ಹೊಡೆದುಹಾಕಿದರು.

ಅಂದು ಸಂಜೆ ಬೆಟಗೇರಿಯಲ್ಲಿ, ತನ್ನ ಅಬ್ಬಾ ಫಕ್ರುಸಾಬರ ಹೊಲಿಗೆ ಅಂಗಡಿಯಲ್ಲಿ ಹಾಜಿರಾ ಗುಂಡಿ ಹಚ್ಚುತ್ತಿದ್ದಳು. ಗಿರಾಕಿ ಹುಲಗಪ್ಪ ಹರಿಹಾಯ್ದ.

"ಸೋಮವಾರ ಕೊಟ್ಟ ನನ್ನ ಅಂಗಿ ಇಲ್ಲ, ನಿನ್ನೆ ಕೊಟ್ಟಾಂವಂದು ತಯಾರ! ಚೀಟಿ ತಂತಿಗೆ ಚುಚ್ಚಿ ಮ್ಯಾಲಿಂದ ತಗದ್ರ ನನ್ನ ಪಾಳಿ ಯಾವಾಗ ಬರಬೇಕೋ ಸಾಬಣ್ಣ?"

ಹಾಜಿರಾಳ ಬೆರಳಿಗೆ ಸೂಜಿ ಚುಚ್ಚಿತು.

'ಯಾ ಅಲ್ಲಾ... ನಾನೂ ಇದನ್ನೇ ಮಾಡಿದೆನಲ್ಲ!'

ತರಗತಿಯಲ್ಲಿ ಮೊದಲು 'ಏಳು', ಆಮೇಲೆ 'ಹನ್ನೆರಡು' ಎಂಬ ಚೀಟಿಗಳು ಬಂದಿದ್ದವು. ಅಂಗಡಿಯ ರೂಢಿಯಂತೆ ಅವಳು ಎರಡನ್ನೂ ತಂತಿಗೆ ಚುಚ್ಚಿ, ಮೇಲಿದ್ದ ಹನ್ನೆರಡನ್ನು ಮೊದಲು ಕೊಟ್ಟಿದ್ದಳು. ಕೊನೆಗೆ ಸಿಕ್ಕ ಹಳೆಯ ಏಳನ್ನೇ ಗನಿ ಉಳಿಸಿಕೊಂಡಿದ್ದ. ಕೊಟ್ಟದ್ದನ್ನು ಬರೆದವನಿಗೆ ಎಲ್ಲರೆದುರು ಎಂಥ ಮಾತು!

ಒಂದು ವರ್ಷದಿಂದ ಕದ್ದು ಕದ್ದು ನೋಡುತ್ತಿದ್ದ ಮುಖಕ್ಕೆ ತಾನೇ ಮಸಿ ಬಳಿದಿದ್ದಳು.

ಮರುದಿನ ತರಗತಿಯಲ್ಲಿ ಎದ್ದು ನಿಂತಳು.

"ತಪ್ಪು ನಂದರಿ ಸರ್. ಚೀಟಿ ಹಿಂದು ಮುಂದು ಕೊಟ್ಟಾಕಿ ನಾನ. ನನ್ನ ಹೆಸರು ತಗದು ಅವರನ್ನ ಕಳಸ್ರಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸರ್ ಹೆಸರು ಬದಲಾಯಿಸಿದರು.

ಕಾಲೇಜು ಬಿಟ್ಟ ಮೇಲೆ ಬೇವಿನ ಮರದಡಿ ಗನಿ ಎದುರಾದ. ಅವಳಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

"ನನ್ನ ಮಾಫ ಮಾಡ್ರಿ..."

"ನೀವು ಮ್ಯಾಲಿಂದ ತಗಿಯೂದನ್ನ ನಾ ಅವಾಗನ ನೋಡಿದ್ದೆ."

"ಮತ್ತ ಯಾಕ ಸುಮ್ಮನಿದ್ರಿ?"

"ಹೇಳಿದ್ರ ಎಲ್ಲಾರ ಮುಂದ ನೀವು ತಲಿ ತಗ್ಗಸಬೇಕಾಗ್ತಿತ್ತು. ಅದನ್ನ ನೋಡಾಕ ನನ್ನ ಕೈಲಿ ಆಗ್ತಿರಲಿಲ್ಲ."

ಅವಳ ಕಣ್ಣು ತುಂಬಿ ಬಂದವು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು!

"ಇಷ್ಟೆಲ್ಲಾ ಅನಿಸ್ಕೊಂಡ ಮ್ಯಾಲೂ... ನನ್ನ ಮ್ಯಾಲ ಮನಸೈತೇನ್ರಿ?"

"ಐತಿ. ನಿಮಗ?"

ಹಾಜಿರಾ ಮುಖ ಎತ್ತಲಿಲ್ಲ.

"ನಿಮ್ಮ ಅಮ್ಮೀನ್ನ ನಮ್ಮ ಮನಿಗೆ ಕಳಸ್ರಿ," ಎಂದಳು.