ನಡುಗದ ಕೈ

ರುಕ್ಮವ್ವ ಭುಜ ಹಿಡಿದು ಅಲುಗಿಸಿದರೂ ಸಿದ್ರಾಮಪ್ಪನವರು ಏಳಲಿಲ್ಲ. ಎದೆಗೆ ಸುತ್ತಿದ್ದ ಶಾಲು ಸಡಿಲವಾಯಿತು, ಇಡೀ ದೇಹ ಕುರ್ಚಿಯಿಂದ ಜಾರಿ ಅವಳ ಕಾಲ ಮೇಲೆ ಬಿತ್ತು. ಅವಳು ಕಿರುಚಿದ ಸದ್ದಿಗೆ ಮಿರಜದ ಆ ಓಣಿಯ ಮಂದಿಯೆಲ್ಲ ಓಡಿ ಬಂದರು. ಬಂದವರು ಕಂಡದ್ದಿಷ್ಟು — ನೆಲದ ಮೇಲೆ ಮುದುಕರ ಹೆಣ, ಪಕ್ಕದಲ್ಲಿ ಎದೆ ಬಡಿದುಕೊಳ್ಳುತ್ತಿದ್ದ ಕೆಲಸದಾಕೆ, ಮೇಜಿನ ಮೇಲೆ ಆರಿದ ಚಹಾ, ಅದರ ಬದಿಗೆ ಒಂದು ಕರಿ ಕ್ಯಾಮೆರಾ.

ಮರುದಿನ ಪೋಸ್ಟ್‌ಮಾರ್ಟಮ್ ವರದಿ ಬಂತು. ತಲೆಯ ಹಿಂಬದಿಗೆ ಪೆಟ್ಟು, ಒಳಗೇ ರಕ್ತಸ್ರಾವ. ಕುರ್ಚಿಯಿಂದ ಬಿದ್ದು ಆದ ಪೆಟ್ಟಲ್ಲ. ಬೀಳುವುದಕ್ಕೆ ಮೊದಲೇ ಜೀವ ಹೋಗಿತ್ತು. ಅಂದರೆ, ಕೊಲೆ.

ಹವಾಲ್ದಾರ ಮಹಾದೇವನಿಗೆ ಸತ್ತವರು ಹೊರಗಿನವರಾಗಿರಲಿಲ್ಲ. ಅವನ ಮದುವೆಯ ಫೋಟೋ ತೆಗೆದವರು ಸಿದ್ರಾಮಪ್ಪನವರು. ಅವನಪ್ಪನ ಕಡೆಯ ಫೋಟೋ ತೆಗೆದವರೂ ಅವರೇ. ಲಿಂಗಾಯತರ ಮನೆಯಲ್ಲಿ ಸತ್ತವರನ್ನು ಮಲಗಿಸಿ ಇಡುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಹಾಗೆ ಕೂಡಿಸಿದವರ ಫೋಟೋ ತೆಗೆಯಲು ಮಿರಜದ ಕನ್ನಡ ಮನೆಗಳಿಂದ ಮೊದಲು ಹೋಗುತ್ತಿದ್ದ ಕರೆ ಸಿದ್ರಾಮಪ್ಪನವರಿಗೇ. ಫ್ಲ್ಯಾಶ್ ಹಾಕುತ್ತಿರಲಿಲ್ಲ. ಇದ್ದ ಬೆಳಕಿನಲ್ಲೇ ನಿಧಾನವಾಗಿ ತೆಗೆಯುತ್ತಿದ್ದರು. ಫೋಟೋದಲ್ಲಿ ಅಪ್ಪ ಸುಮ್ಮನೆ ತಲೆ ತಗ್ಗಿಸಿ ಏನೋ ಯೋಚಿಸುತ್ತ ಕುಳಿತಂತೆ ಕಾಣುತ್ತಿದ್ದ. ಆಮೇಲೆ ಸಿದ್ರಾಮಪ್ಪನವರಿಗೆ ಕಂಪವಾತ ಬಂತು, ಎರಡೂ ಕೈ ನಡುಗತೊಡಗಿದವು. ನಡುಗುವ ಕೈಯವನಿಗೆ ಯಾರು ಮದುವೆಯ ಫೋಟೋ ಕೆಲಸ ಒಪ್ಪಿಸುತ್ತಾರೆ? ಸ್ಟುಡಿಯೋ, ಕೂಡಿಸಿದವರ ಫೋಟೋ ತೆಗೆಯುವ ಕೆಲಸವೂ ಸೇರಿ, ಅಕ್ಕನ ಮಗ ಭೂಷಣನ ಪಾಲಾಯಿತು.

ಈಗ ಆ ಭೂಷಣನೇ ಪೊಲೀಸರ ಕೈಗೆ ಒಂದು ಫೋಟೋ ಕೊಟ್ಟಿದ್ದ. ನಿನ್ನೆ ಸಂಜೆ ನಾಲ್ಕಕ್ಕೆ ತೆಗೆದದ್ದು. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಸಿದ್ರಾಮಪ್ಪನವರು, ಮೈಮೇಲೆ ಶಾಲು, ತೊಡೆಯ ಮೇಲೆ ಎರಡೂ ಕೈ. ‘ಮಾಮಾ ಮಸ್ತ್’ ಎಂದು ಬರೆದು ಮನೆಮಂದಿಯ ಗುಂಪಿಗೆಲ್ಲ ಮೊಬೈಲಿನಲ್ಲಿ ಕಳಿಸಿಯೂ ಇದ್ದ. ಕಳಿಸಿದವನೇ ಸಲಗರೆಗೆ ಮದುವೆಯ ಕೆಲಸಕ್ಕೆ ಹೋಗಿದ್ದ. ಅಲ್ಲಿ ಅವನನ್ನು ನೂರಾರು ಮಂದಿ ನೋಡಿದ್ದರು. ಅವನು ಹೋದ ಮೇಲೆ ಮನೆಗೆ ಬಂದದ್ದು ಒಬ್ಬಳೇ, ಕುಪವಾಡದ ರುಕ್ಮವ್ವ.

ಇನ್ನೇನು ಬೇಕು? ಸಂಜೆಯೊಳಗೆ ಆಕೆಯ ಹೆಸರು ಬರೆದು ಪ್ರಕರಣ ಮುಗಿಸಿ ಎಂದು ಮೇಲಿನವರು ಹೇಳಿಯಾಗಿತ್ತು. ಠಾಣೆಯ ಹೊರಗಿನ ಬೆಂಚಿನ ಮೇಲೆ ಆಕೆಯ ಮಗಳು ಮಯೂರಿ ನರ್ಸಿಂಗ್ ಓದುವ ಬಿಳಿ ಉಡುಪಿನಲ್ಲೇ ಕುಳಿತಿದ್ದಳು. ಕೊಲೆಗಾತಿಯ ಮಗಳನ್ನು ಯಾವ ದವಾಖಾನೆಯವರು ರೋಗಿಯ ಹತ್ತಿರ ಬಿಟ್ಟುಕೊಂಡಾರು? ಅವಳ ಮುಖ ನೋಡಲಾರದೆ ಮಹಾದೇವ ಹಿಂಬಾಗಿಲಿನಿಂದ ಒಳಗೆ ಹೋದ.

ಒಳಗೆ ಪಿಎಸ್‌ಐ ಸುಖದಾ ರುಕ್ಮವ್ವನ ಎದುರು ಕುಳಿತಿದ್ದಳು. ಸಾಂಗ್ಲಿಯ ಹುಡುಗಿ. ಮನೆಮಾತು ಕನ್ನಡ, ಶಾಲೆಯಲ್ಲಿ ಕಲಿತದ್ದೆಲ್ಲ ಮರಾಠಿ. ರಜೆ ಸಿಕ್ಕರೆ ಕ್ಯಾಮೆರಾ ಹೆಗಲಿಗೆ ಹಾಕಿ ಹಕ್ಕಿಗಳ ಹಿಂದೆ ಅಲೆಯುವ ಹುಚ್ಚು ಬೇರೆ.

“ನೀವು ಬಂದಾಗ ಅಜ್ಜಾರು ಹೆಂಗ ಇದ್ರು?”

“ಕುರ್ಚಿಯಾಗ ಕುಂತಿದ್ರರಿ. ಮಲಗ್ಯಾರ ಅಂತ ತಿಳದ್ನಿ. ಚಾ ಮಾಡಿ ಇಟ್ನಿ. ಆರಿತು. ಮತ್ತ ಕಾಸಿ ಇಟ್ನಿ.”

“ಯಾಕ ಎಬ್ಬಸ್ಲಿಲ್ಲ?”

“ಕೈ ನಡಗ್ತಿರ್ಲಿಲ್ಲರಿ. ಹಗಲೆಲ್ಲಾ ನಡಗೋ ಕೈ, ನಿದ್ದಿ ಹತ್ತಿದ್ರಷ್ಟ ಶಾಂತ ಆಗ್ತಾವು. ಪಾಪ, ಆರಾಮ ಸಿಕ್ಕೈತಿ, ಇರ್ಲಿ ಬಿಡು ಅಂದ್ನಿ.”

ಸುಖದಾ ಪೆನ್ನು ಕೆಳಗಿಟ್ಟಳು. “ಹಿಂದಿನ ದಿನ ನಿಮಗ ಬೈದಿದ್ರಂತ?”

“ಬೈದಿದ್ರರಿ. ಛತ್ರಿ ಮರತ ಹೋಗಿದ್ನಿ. ಕ್ಯಾಮೆರಾ ತೋಯತೈತಿ ಅಂತ.”

“ಎಲ್ಲಿ?”

“ಸಾಂಗ್ಲಿ ಘಾಟಿನ್ಯಾಗರಿ. ಹೊಸಾ ಕ್ಯಾಮೆರಾ ಬಂದಾಗಿಂದ ದಿನಾ ಸಂಜೀಗೆ ರಿಕ್ಷಾ ಮಾಡಿ ಹೊಳಿಗೆ ಕರಕೊಂಡ ಹೋಗ್ತಿದ್ನಿ. ಸಾಂಗ್ಲಿವಾಡಿ ಸೇತುವಿ ಫೋಟೋ ತಗೀತಿದ್ರು, ಹೊಳಿ ತಗೀತಿದ್ರು. ಸಣ್ಣ ಹುಡುಗರಂಗ ನಗ್ತಿದ್ರು. ‘ರುಕ್ಮವ್ವಾ, ನನ್ನ ಕೈ ನನಗ ತಿರುಗಿ ಬಂತು’ ಅಂತಿದ್ರು.”

ಮಹಾದೇವನಿಗೆ ಇದು ನಂಬುವ ಮಾತೆನಿಸಲಿಲ್ಲ. ಚಹಾದ ಕಪ್ಪು ಹಿಡಿಯಲು ಬಾರದವರು ಹೊಳೆಯ ಫೋಟೋ ತೆಗೆಯುತ್ತಾರೆಯೇ? ಅವಳು ಏನಾದರೂ ಹೇಳಿ ಪಾರಾಗಲು ನೋಡುತ್ತಿದ್ದಾಳೆ ಎಂದುಕೊಂಡ.

ಇಬ್ಬರೂ ಸಿದ್ರಾಮಪ್ಪನವರ ಮನೆಗೆ ನಡೆದರು. ಮೋಡ ಮುಸುಕಿ ಹಗಲೇ ಕತ್ತಲೆ ಕವಿದಿತ್ತು. ಮಹಾದೇವ ಕೈಗವಸು ಹಾಕಿ ಕ್ಯಾಮೆರಾ ಎತ್ತಿದ. ಒಳಗೆ ಏನೋ ಲೊಟಲೊಟ ಅಂದಿತು — ತಂಬೂರಿ ಮಾಡುವವರ ಅಂಗಡಿಯಲ್ಲಿ ಒಣಗಿದ ಸೋರೆಬುರುಡೆ ಅಲುಗಿಸಿದಂತೆ.

“ಒಡದೈತ್ರಿ ಮ್ಯಾಡಮ್! ಜಗ್ಗಾಟದಾಗ ಬಿದ್ದಿರಬೇಕು. ಮುದುಕರು, ಆಕಿ—”

“ಒಡದಿಲ್ಲ ಕಾಕಾ.” ಸುಖದಾ ಗುಂಡಿ ಒತ್ತಿ ಕ್ಯಾಮೆರಾ ಚಾಲೂ ಮಾಡಿದಳು. “ಈಗ ಅಲುಗಸ್ರಿ.”

ಸದ್ದಿಲ್ಲ!

“ಚಿತ್ರ ಹಿಡಿಯೋ ಸೆನ್ಸರ್ ಇದರಾಗ ಗಟ್ಟಿ ಕುಂತಿಲ್ಲ, ತೇಲತದ. ಮ್ಹಣಜೆ, ಅಂದ್ರ, ನಿಮ್ಮ ಕೈ ಬಲಕ್ಕ ಸರದ್ರ ಅದು ಎಡಕ್ಕ ಸರೀತದ. ಕೈ ನಡಗಿದ್ರೂ ಚಿತ್ರ ಅಲಗೂದಿಲ್ಲ. ಬಂದ್ ಮಾಡಿದಾಗ ಸಡಲಾಗಿ ಹಿಂಗ ಸಪ್ಪಳ ಮಾಡತದ.”

“ಅಂದ್ರ... ಸಿದ್ರಾಮಪ್ಪನವರು ಖರೇನ ಫೋಟೋ ತಗದಿರಬಹುದು?”

ಉತ್ತರ ಬರುವ ಮೊದಲೇ ಭೂಷಣ ಬಾಗಿಲಲ್ಲಿ ನಿಂತಿದ್ದ. ಅತ್ತು ಕಣ್ಣು ಕೆಂಪಾಗಿದ್ದವು. ಮಹಾದೇವ ಕುರ್ಚಿ ಎಳೆದುಕೊಟ್ಟು, “ಕುಂದ್ರಪ್ಪಾ,” ಎಂದ.

ಸುಖದಾ ಮೊಬೈಲಿನಲ್ಲಿದ್ದ ಫೋಟೋ ಮುಂದೆ ಹಿಡಿದಳು. “ಇದನ್ನ ನೀವ ತಗದದ್ದು?”

“ಹೌದ್ರಿ. ಹೊರಟು ನಿಂತಿದ್ನಿ. ಮಾಮಾ ಅಂದ, ಹೊಸಾ ಕ್ಯಾಮೆರಾದಾಗ ನಾ ಹೆಂಗ ಕಾಣತೀನಿ ನೋಡೂಣು, ಒಂದು ತಗಿ ಅಂತ.”

“ಸ್ಟ್ಯಾಂಡ್ ಮ್ಯಾಲ ಇಟ್ಟು?”

“ಇಲ್ರಿ, ಕೈಯಾಗ ಹಿಡದು. ಕರೆಂಟ್ ಇರ್ಲಿಲ್ಲ, ಇದ್ದ ಬೆಳಕಿನ್ಯಾಗ ತಗದ್ನಿ.”

“ಮಲಗಿದ್ರೇನು?”

“ಮಲಗೂದು ಎಲ್ಲಿದರಿ! ಮಾತಾಡಕೋತ ಕುಂತಿದ್ದ.”

“ಕಣ್ಣು ಕೆಳಗದಾವಲ್ಲ?”

“ತನ್ನ ಕೈ ನೋಡಕೋತ ಇದ್ದರಿ. ಹೆಂಗ ನಡಗತಾವ ನೋಡ್ಲೇ ಅಂದ.”

“ಫೋಟೋದಾಗ ನಡುಕ ಕಾಣವಲ್ದು?”

“ಅದ ಈ ಕ್ಯಾಮೆರಾದ ಕರಾಮತ್ರಿ. ನಡುಕ ತಿಂದುಬಿಡತೈತಿ.”

ಮಹಾದೇವ ತಲೆದೂಗಿದ. ಮ್ಯಾಡಮ್ ಹೇಳಿದ್ದೂ ಇದೇ ತಾನೆ! ಸುಖದಾ ಮಾತ್ರ ಹೋಗಿ ಗೋಡೆಯ ಮುಂದೆ ನಿಂತಳು. ಅಲ್ಲಿ ಅರ್ಧ ಬಿಚ್ಚಿದ ಪಾರ್ಸಲಿನಲ್ಲಿ ಹೊಸದಾಗಿ ಚೌಕಟ್ಟು ಹಾಕಿಸಿದ ಚಿತ್ರಗಳಿದ್ದವು. ಮುಸ್ಸಂಜೆಯ ಕೃಷ್ಣೆ. ಘಾಟಿನ ಮೆಟ್ಟಿಲಿನ ಒಂದೊಂದು ಬಿರುಕೂ ಸ್ಪಷ್ಟ, ನೀರು ಮಾತ್ರ ಹಾಲಿನ ಕೆನೆಯಂತೆ ನುಣ್ಣಗೆ. ಕೆಳಗೆ ಭೂಷಣನ ಹೆಸರು, ಪುಣೆಯ ಪ್ರದರ್ಶನದ ಮೊಹರು.

“ಇವು?”

“ನನ್ನವ್ರಿ. ಮುಂದಿನ ವಾರ ಪುಣೆಯಾಗ ಸತ್ಕಾರ ಇತ್ತು... ಮಾಮಾ ನೋಡಬೇಕಿತ್ತು.”

“ಹೇಳಿದ್ದನ್ನೆಲ್ಲಾ ಬರದು ಸಹಿ ಮಾಡಿ ಕೊಡ್ರಿ. ಆಮ್ಯಾಲ ಚೌಕಿಗೆ ಬರ್ರಿ,” ಎಂದಳು ಸುಖದಾ.

ಸಂಜೆ ಠಾಣೆಯ ಹಿಂದಿನ ಕೋಣೆ. ಸುಖದಾ ಮನೆಯಿಂದ ಅಂಥದೇ ಕ್ಯಾಮೆರಾ ತಂದಿದ್ದಳು. ದೀಪ ಆರಿಸಿ, ಒಂದು ಕಿಟಕಿ ಮಾತ್ರ ತೆರೆದಿಟ್ಟಳು. ಕಿಟಕಿಯ ಪಕ್ಕ ರುಕ್ಮವ್ವನನ್ನು ಕೂಡಿಸಿದಳು. ಬಾಗಿಲ ಹತ್ತಿರ ಮಯೂರಿ, ಇನ್ನೊಂದು ಬದಿಗೆ ಭೂಷಣ.

“ಕಾಕಾ, ನೀವು ತಗೀರಿ.”

“ನಾನ್ರೀ? ನನ್ನ ಕೈ ನಿಲ್ಲವಲ್ವು ಮ್ಯಾಡಮ್.”

“ಅದಕ್ಕ ನೀವ ಬೇಕು.”

ಮಹಾದೇವ ಒತ್ತಿದ. ಕ್ಯಾಮೆರಾ ಒಂದು ಸಲ ಕಣ್ಣು ತೆರೆದು ನಿಧಾನ ಮುಚ್ಚಿದ ಸದ್ದು. ಪರದೆಯ ಮೇಲೆ ಮೂಡಿದ್ದನ್ನು ಅವನು ಬಗ್ಗಿ ನೋಡಿದ. ಅವನ ಕೈ ಅಷ್ಟು ನಡುಗಿತ್ತು, ಆದರೆ ಗೋಡೆಯ ಸುಣ್ಣದ ಬಿರುಕು ಸ್ಪಷ್ಟ. ರುಕ್ಮವ್ವನ ಸೀರೆಯ ಅಂಚು ಸ್ಪಷ್ಟ. ತೊಡೆಯ ಮೇಲಿದ್ದ ಆಕೆಯ ಎರಡು ಕೈಗಳು ಮಾತ್ರ ಕೈಗಳಾಗಿರಲಿಲ್ಲ. ಅಲ್ಲಿ ಹೊಗೆ ಕದಡಿದಂತೆ ಎರಡು ಮಸುಕು ಇದ್ದವು. ಆಕೆ ನಿನ್ನೆಯಿಂದ ಹೆದರಿ ನಡುಗುತ್ತಲೇ ಇದ್ದಳು.

“ನೋಡಿದ್ರಿ?” ಸುಖದಾ ಎಲ್ಲರ ಮುಂದೆ ಪರದೆ ತಿರುಗಿಸಿದಳು. “ಈ ಯಂತ್ರ ತಿನ್ನೋದು ಫೋಟೋ ತಗಿಯೋರ ಕೈ ನಡುಕ. ಎದುರಿಗೆ ಕುಂತವರ ನಡುಕಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಭೂಷಣ ಇದನ್ನ ಚಲೋ ಬಲ್ಲ, ಪೊಲೀಸರಿಗೆ ತಿಳಿಯೂದಿಲ್ಲ ಅಂತ ತಿಳದ.”

ಅವಳು ನಿನ್ನೆಯ ಫೋಟೋ ದೊಡ್ಡದು ಮಾಡಿದಳು. “ಅರ್ಧ ಸೆಕೆಂಡ್ ಕಣ್ಣು ತೆರದಿಟ್ಟು ತಗದದ್ದು, ಕ್ಯಾಮೆರಾನ ಹೇಳತದ. ಹಿಂದಿನ ಗಡಿಯಾರ ನೋಡ್ರಿ. ಲೋಲಕ ಅತ್ತಿಂದಿತ್ತ ತೂಗಿ ಅಳಿಸಿ ಹೋಗ್ಯದ. ಇನ್ನ ಸಿದ್ರಾಮಪ್ಪನವರ ಕೈ ನೋಡ್ರಿ. ಉಗುರು ಎಣಿಸಬಹುದು! ಎಚ್ಚರಿದ್ದಾಗ ಒಂದು ಗಳಿಗಿನೂ ನಿಲ್ಲದ ಕೈ, ಆ ಅರ್ಧ ಸೆಕೆಂಡ್ ಹೆಂಗ ನಿಂತ್ವು?”

ಭೂಷಣ ತುಟಿ ಸವರಿಕೊಂಡ. “ಜೊಂಪು... ಹತ್ತಿರಬೇಕ್ರಿ.”

“ಮಾತಾಡಕೋತ, ನಡಗೋ ಕೈ ನೋಡಕೋತ ಕುಂತಿದ್ರು ಅಂತ ಮಧ್ಯಾಹ್ನ ನೀವ ಬರದು ಕೊಟ್ಟೀರಿ.”

ಸುಖದಾ ಭೂಷಣನ ಎದುರಿಗೆ ಬಂದು ನಿಂತಳು.

“ಒಂದು ಕೇಳತೀನಿ. ಮದುವ್ಯಾಗ ಮದುಮಗಳನ್ನ ಅರ್ಧ ಸೆಕೆಂಡ್‌ಗೆ ತಗೀತೀರೇನು? ಇಲ್ಲ. ಬೆಳಕು ಕಡಿಮಿ ಇದ್ರ ಬ್ಯಾರೆ ದಾರಿ ಅದಾವು. ಜೀವ ಇದ್ದವರು ಅಲಗತಾರ. ಕ್ಯಾಮೆರಾ ಕೈಗೆ ಬಂದಕೂಡಲೆ ನಿಮ್ಮ ಬೆರಳು ರೂಢಿ ಪ್ರಕಾರ ತಾನ ಗುಂಡಿ ಅರ್ಧ ಸೆಕೆಂಡ್‌ಗೆ ತಿರುಗಿಸ್ತು. ಹಂಗ ನೀವು ತಗಿಯೂದು ಯಾರನ್ನ?”

ಉತ್ತರ ಕೊಟ್ಟವನು ಮಹಾದೇವ. ತಾನು ಮಾತಾಡಿದ್ದು ಅವನಿಗೇ ಗೊತ್ತಾಗಲಿಲ್ಲ.

“ಕೂಡಿಸಿದವರನ್ನ.”

ಫೋಟೋದಲ್ಲಿದ್ದ ಶಾಲು ಅವನ ಕಣ್ಣ ಮುಂದೆ ಬಂತು. ಕಂಕುಳ ಕೆಳಗಿಂದ ತಂದು ಕುರ್ಚಿಯ ಬೆನ್ನಿಗೆ ಸಿಕ್ಕಿಸಿದ ಶಾಲು. ಅಪ್ಪನನ್ನು ಕೂಡಿಸಿದಾಗಲೂ ಹಾಗೇ ಕಟ್ಟಿದ್ದರು, ದೇಹ ವಾಲಬಾರದೆಂದು.

“ಸಿದ್ರಾಮಪ್ಪನವರು ಆಗಲೇ ಸತ್ತಿದ್ರು,” ಎಂದಳು ಸುಖದಾ. “ಜೀವಂತ ಇದ್ರು ಅಂತ ತೋರಸಾಕ ಭೂಷಣ ಅವರ ಹೆಣದ ಫೋಟೋ ತಗದ. ಕೊಂದಾವ ಅವನ. ಹೊಳಿ ಚಿತ್ರ ತಗದ ದಿನಗಳನ್ನ ಕ್ಯಾಮೆರಾದಾಗ ನೋಡ್ದೆ. ಆ ಸಂಜಿಗಳಾಗ ಭೂಷಣ ಮದುವಿ ಮನ್ಯಾಗ ಇದ್ದ. ಅವು ಮುದುಕರು ತಗದದ್ದು. ರುಕ್ಮವ್ವ ಹೇಳಿದ್ದು ಖರೆ.”

ಭೂಷಣ ಅಲ್ಲೇ ನೆಲದ ಮೇಲೆ ಕುಳಿತ.

“ನಡಗೋ ಕೈಲೆ ತಗದದ್ದು ಅಂದ್ರ ಯಾರು ನಂಬ್ತಿದ್ರು ಹೇಳ್ರಿ?” ಎಂದ ಭೂಷಣ. “ಪುಣೆಗೆ ನನ್ನ ಹೆಸರಿಲೆ ಕಳಸಿದ್ನಿ. ಯಾರೋ ಮಾಮಾಗ ಫೋನ್ ಮಾಡಿ ಅಳಿಯಗ ಅಭಿನಂದನ ಹೇಳ್ರಿ ಅಂದ್ರಂತ. ಪುಣೆಗೆ ತಾನ ಹೋಗಿ ಖರೆ ಹೇಳತೀನಿ ಅಂತ ಮಾಮಾ ಎದ್ದ. ಕೈ ಹೋದಾಗ ಇಷ್ಟು ವರ್ಷ ನಾನ ಅವನ ಕೈ ಆಗಿದ್ನಲ್ರಿ! ಈ ಯಂತ್ರ ಬಂದಮ್ಯಾಲ ನಾ ಬ್ಯಾಡಾದ್ನಿ. ಸಿಟ್ಟು ಬಂತು, ದೂಡಿದ್ನಿ. ಕಿಟಕಿ ಕಟ್ಟೀಗೆ ತಲಿ ಬಡೀತು. ಅಷ್ಟ.”

“ಅಷ್ಟ?” ಮಹಾದೇವ ಅವನ ಅಂಗಿಯ ಕೊರಳುಪಟ್ಟಿಗೆ ಕೈ ಹಾಕಿಯೇ ಬಿಟ್ಟ. “ಓಣಿಗೊಂದು ದವಾಖಾನಿ ಇರೋ ಊರೋ ಇದು! ಒಬ್ಬ ಡಾಕ್ಟರನ್ನ ಕರೀಲಿಲ್ಲಲ್ಲೋ. ಶಾಲು ಹುಡುಕ್ಕೋತ ಹೋದ್ಯಾ?”

“ಕಾಕಾ, ಬಿಡ್ರಿ,” ಎಂದಳು ಸುಖದಾ ಮೆಲ್ಲಗೆ.

ಭೂಷಣನನ್ನು ಒಳಗೆ ಕರೆದೊಯ್ದರು. ಮಯೂರಿ ಬಂದು ಅವ್ವನ ಎರಡೂ ಕೈ ಹಿಡಿದುಕೊಂಡಳು. ಮಹಾದೇವ ದೀಪ ಹಾಕಿದ.

“ನಡೀರಿ ಅಕ್ಕಾ, ರಿಕ್ಷಾ ಮಾಡಿ ಕೊಡತೀನಿ. ನಿಮ್ಮ ಮ್ಯಾಲೆ ಇನ್ನ ಯಾವ ಮಾತೂ ಇಲ್ಲ.”

ರುಕ್ಮವ್ವ ಏಳಲಿಲ್ಲ. ಏನೋ ಲೆಕ್ಕ ಕೂಡದವಳಂತೆ ಅವನ ಮುಖವನ್ನೇ ನೋಡುತ್ತಿದ್ದಳು.

“ಅಂದ್ರ ಸಾಹೇಬ್ರ, ನಾ ಚಾ ತಂದಿಟ್ಟಾಗ... ಅಜ್ಜಾರು ಇರ್ಲಿಲ್ಲೇನ್ರಿ?”

ಮಹಾದೇವ ಇಲ್ಲವೆಂದು ತಲೆಯಾಡಿಸಿ ಆಕೆಯ ಪಕ್ಕ ಕುಳಿತ.

“ಕೈ ನಿಂತಾವಲ್ಲ ಅಂತ ನಾ ದೇವರ ಜಗಲಿ ಮುಂದ ಹೋಗಿ ಕೈ ಮುಗದಿದ್ನಿರಿ,” ಎಂದಳು ರುಕ್ಮವ್ವ. “ದಿನಾ ಹಿಂಗ ಇಡಪಾ ದೇವರ, ಅಂತ ಬೇಡಕೊಂಡಿದ್ನಿ.”