ಎಲ್ಲರಿಗೂ ಹೋದ ಮಾತು

ಚಳಿ ಕಳೆದು ಬಿಸಿಲು ಬಲಿಯುವ ಕಾಲ. ಲೈಬ್ರರಿ ಮೇಡಂ ಕೆಳಗಿನ ಕಪಾಟಿನ ಪುಸ್ತಕಗಳನ್ನು ಜಗಲಿಗೆ ತಂದು, ಧೂಳು ಕೊಡವಿ, ಗಾಳಿಗೆ ಹರಡುತ್ತಿದ್ದಳು. ಮೊದಲು ಬಂದವರು ನಿವೃತ್ತ ಹೆಡ್‌ಮಾಸ್ಟರು.

"ಬೇಜಾರು ಮಾಡ್ಕೋಬೇಡಮ್ಮ, ನಿನ್ನೆ ಮಂಡಿನೋವು. ನೀನು ಕಾಯ್ತೀಯ ಅಂತ ಗೊತ್ತಿದ್ರೆ ಕುಂಟಿಕೊಂಡಾದ್ರೂ ಬರ್ತಿದ್ದೆ."

ಅವಳಿಗೆ ತಲೆಬುಡ ತಿಳಿಯಲಿಲ್ಲ. ಹಿಂದೆಯೇ ಟೈಲರು ಬಂದ. "ಮೇಡಂ, ನಿಮ್ಮ ಮೆಸೇಜು ನನ್ನ ಹೆಂಡ್ತಿ ಓದಿದ್ಲು. ಏನು ಸಮಾಚಾರ ಅಂತ ವಿಚಾರಿಸ್ಕೊಂಡು ಬನ್ನಿ ಅಂತ ಅವಳೇ ಕಳಿಸಿದ್ಲು."

ಲೈಬ್ರರಿಯ ಫೋನು ತೆಗೆದು ನೋಡಿದಳು.

'ಇವತ್ತು ಯಾಕೆ ಬರಲಿಲ್ಲ? ಸಂಜೆವರೆಗೂ ಬಾಗಿಲು ನೋಡ್ತಾ ಕೂತಿದ್ದೆ.'

ಬರೆದದ್ದು ದಿನಾ ಪುಸ್ತಕಕ್ಕೆಂದು ಬರುತ್ತಿದ್ದ ಪಂಪ್ ಮೆಕ್ಯಾನಿಕ್‌ಗೆ. ಹೋದದ್ದು ಸದಸ್ಯರಿಗೆಲ್ಲ.

ಗ್ರೂಪ್ ಮಾಡಿದರೆ ಬೆಳಿಗ್ಗೆ ಹೂವಿನ ಚಿತ್ರ, ಸಂಜೆ ಜಗಳ. ಫೇಸ್‌ಬುಕ್ಕಿನಲ್ಲಿ ಲೈಕ್ ಒತ್ತಿದವರು ಪುಸ್ತಕ ಒಯ್ಯುವುದಿಲ್ಲ. ಹೀಗೆಂದು ಅವಳೇ ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿಟ್ಟಿದ್ದಳು. ಒಮ್ಮೆ ಬರೆದರೆ ಸಾಕು. ಓದಿದ ಪ್ರತಿಯೊಬ್ಬರಿಗೂ ತಮಗೊಬ್ಬರಿಗೇ ಬಂದಂತೆ ಕಾಣುತ್ತದೆ. ಆ ಗುಣವನ್ನು ಅವಳು ಬಹಳ ಮೆಚ್ಚಿಕೊಂಡಿದ್ದಳು, ನಿನ್ನೆಯವರೆಗೆ.

ಮಧ್ಯಾಹ್ನದ ಹೊತ್ತಿಗೆ ಬೆಂಚು ತುಂಬಿತು. ಎಲ್ಲರ ಮುಖದಲ್ಲೂ ಒಂದು ಗೆಲುವು, ತನ್ನನ್ನೂ ಯಾರೋ ಕಾದರಲ್ಲ ಎಂಬಂತೆ. ಅದನ್ನು ಕಂಡು ನಿಜ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಮೆಕ್ಯಾನಿಕ್ ಮಾತ್ರ ಬರಲಿಲ್ಲ. ಅವನು ಇಷ್ಟು ದಿನ ಬಂದದ್ದು ಬರೀ ಪುಸ್ತಕಕ್ಕೇ ಇರಬೇಕು ಎಂದುಕೊಂಡಳು.

ಬಿಸಿಲು ಇಳಿದ ಮೇಲೆ ಅವನು ಬಂದ. ಮುಖ ಊದಿಸಿಕೊಂಡು ಜಗಲಿಯಲ್ಲೇ ನಿಂತ.

"ನಮ್ಮಕ್ಕನಿಗೆ ಬಂದಿದೆ. ಟೈಲರಿಗೆ ಬಂದಿದೆ. ನಾನೊಬ್ಬ ಬರದಿದ್ರೆ ನಿಮಗೇನೂ ಅನ್ನಿಸಲ್ಲ, ಅಲ್ವಾ?"

"ನಿಮಗೆ ಬಂದಿಲ್ವಾ?" ಅವಳು ಕಣ್ಣರಳಿಸಿದಳು. ಲೈಬ್ರರಿಯ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಪಟ್ಟಿಯ ಮಾತು ತಲುಪುವುದು. "ಈ ನಂಬರು ನಿಮ್ಮ ಫೋನಲ್ಲಿ ಇಲ್ವೇ ಇಲ್ವಾ? ಮತ್ತೆ ದಿನಾ ಫೋನ್ ಮಾಡಿ ಯಾವ ಪುಸ್ತಕ ಇದೆ ಅಂತ ಹೇಗೆ ಕೇಳ್ತಿದ್ರಿ?"

ಅವನು ಗ್ರೀಸು ಹತ್ತಿದ ಉಗುರನ್ನು ಕೆರೆಯುತ್ತ ನಿಂತ. "ಬರೀ 'ಲೈಬ್ರರಿ' ಅಂತ ಸೇವ್ ಮಾಡೋಕೆ ಮನಸ್ಸಾಗಲಿಲ್ಲ. ನಿಮ್ಮ ಹೆಸರು ಹಾಕಿದ್ರೆ ಅಕ್ಕ ನೋಡಿ ಮಾನ ತೆಗೀತಾಳೆ. ಅದಕ್ಕೇ ಬಾಯಿಪಾಠ ಮಾಡ್ಕೊಂಡೆ."

ಅವಳು ನಗು ತಡೆಯಲು ಸೆರಗು ಬಾಯಿಗೆ ಒತ್ತಿದಳು. ಆದರೆ ಕಣ್ಣುಗಳು ನಕ್ಕೇಬಿಟ್ಟವು.

"ನಿಮಗೊಬ್ಬರಿಗೇ ಬರೆದದ್ದು ಅದು," ಎಂದಳು. "ಬೆರಳು ತಪ್ಪಿ ಎಲ್ಲರಿಗೂ ಹೋಯ್ತು."

ಅವನ ಕಿವಿ ಕೆಂಪಾಯಿತು. ಇಬ್ಬರೂ ಪುಸ್ತಕಗಳನ್ನು ಒಳಗೆ ಸಾಗಿಸಿದರು. ಅವನು ಕೊಟ್ಟ, ಅವಳು ಜೋಡಿಸಿದಳು.

"ನಿನ್ನೆ ಬಂದಿದ್ದೆ, ಗೇಟಿನ ತನಕ," ಎಂದ ಅವನು. "ನೀವೊಬ್ಬರೇ ಇದ್ರಿ. ಪುಸ್ತಕ ಕೇಳೋಕಲ್ಲ ಬಂದದ್ದು. ಹಾಗಾಗಿ ಕಾಲು ಮುಂದೆ ಬರಲಿಲ್ಲ."

"ಈಗಾದ್ರೂ ನಂಬರು ಸೇವ್ ಮಾಡ್ಕೊಳ್ಳಿ."

"ಏನಂತ ಹಾಕಲಿ?"

"ನಿಮ್ಮಕ್ಕನ್ನೇ ಕೇಳಿ," ಎಂದು ಅವಳು ಕಪಾಟಿನ ಕಡೆ ತಿರುಗಿದಳು. "ನಾಳೆ ನಮ್ಮಮ್ಮ ಮನೇಲೇ ಇರ್ತಾರೆ. ಅಕ್ಕನ್ನ ಕರ್ಕೊಂಡು ಬಂದು ಕೇಳಿ."

ಓದುವ ಕೋಣೆಯಲ್ಲಿ ಇನ್ನೂ ಕೂತಿದ್ದ ಹೆಡ್‌ಮಾಸ್ಟರು ಕೂಗಿದರು: "ಅಮ್ಮಾ, ನನ್ನನ್ನ ಯಾತಕ್ಕೆ ಕಾದೆ ಅಂತ ಹೇಳಲೇ ಇಲ್ಲವಲ್ಲ!"

"ಹೇಳ್ತೀನಿ ಸಾರ್, ಹೇಳ್ತೀನಿ," ಎಂದಳು. ಊರಿಗೆಲ್ಲ ಕೊಡಬೇಕಿದ್ದ ಆ ಉತ್ತರವನ್ನು ಅವಳು ಇಂದಿಗೂ ಕೊಟ್ಟಿಲ್ಲ.